ವಿಡಿಯೊ ಗೇಮ್ ಒಡೆತನ: ಕ್ಯಾಸೆಟ್, ಡಿಸ್ಕ್, ಡೌನ್‌ಲೋಡ್

ವಿಡಿಯೊ ಗೇಮ್ ಒಡೆತನ ಎಂದರೆ ಹಣ ಕೊಟ್ಟು ಕೊಂಡ ಆಟದ ಮೇಲೆ ಕೊಂಡವರಿಗೆ ಇರುವ ಅಧಿಕಾರ. ಆಟ ಕ್ಯಾಸೆಟ್ಟಿನಲ್ಲೋ ಡಿಸ್ಕಿನಲ್ಲೋ ಅಡಕವಾಗಿ ಕೈಗೆ ಬಂದರೆ ಅದು ಭೌತಿಕ ಒಡೆತನ. ಕಂಪನಿಯ ಸರ್ವರ್‌ನಿಂದ ಇಳಿದು ಒಂದು ಖಾತೆಗೆ ಅಂಟಿಕೊಂಡಿದ್ದರೆ ಡಿಜಿಟಲ್ ಒಡೆತನ. ಎರಡನೆಯದನ್ನು ಒಡೆತನ ಎಂದು ಕರೆಯಬಹುದೇ ಎಂಬುದೇ ಈಗಿನ ಜಗಳ. ಅಮೆರಿಕ, ಯುರೋಪು, ಜಪಾನುಗಳಲ್ಲಿ ಈ ಜಗಳಕ್ಕೆ ದನಿ ಕೊಟ್ಟವರು ಕಪಾಟಿನ ತುಂಬ ಡಿಸ್ಕ್ ಜೋಡಿಸಿಕೊಂಡವರು. ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕಿನ ತಾವರಗೇರಾದಂಥ ಊರಿನಿಂದ ನೋಡಿದರೆ ಚಿತ್ರ ಬೇರೆಯಾಗುತ್ತದೆ. ಇಂಥ ಊರುಗಳಲ್ಲಿ ವಿಡಿಯೊ ಗೇಮ್ ಎಂದರೆ ಮೊದಲು ಟಿವಿಗೆ ಸಿಕ್ಕಿಸುವ ಕ್ಯಾಸೆಟ್, ಆಮೇಲೆ ಮೊಬೈಲ್. ನಡುವೆ ಬಂದುಹೋದ ಡಿಸ್ಕ್ ಯುಗ ಹೆಚ್ಚಾಗಿ ಬೆಂಗಳೂರು, ಹುಬ್ಬಳ್ಳಿಗಳ ಸಂಗತಿ. ಹಾಗಾಗಿ ಇಲ್ಲಿ ‘ಡಿಸ್ಕ್ ಉಳಿಯಬೇಕೇ ಬೇಡವೇ’ ಎಂಬುದಕ್ಕಿಂತ, ದುಡ್ಡು ಕೊಟ್ಟ ಮೇಲೂ ಆಟ ತೆರೆದುಕೊಳ್ಳಲು ಯಾರ ಅಪ್ಪಣೆ ಬೇಕು ಎಂಬ ಪ್ರಶ್ನೆಗೇ ತೂಕ ಹೆಚ್ಚು. ಡಿಸ್ಕ್ ಕೈಯಲ್ಲಿದ್ದ ಮಾತ್ರಕ್ಕೆ ಆ ಅಪ್ಪಣೆ ಬೇಡವೆಂದಲ್ಲ. ಡೌನ್‌ಲೋಡ್ ಮಾಡಿಕೊಂಡ ಮಾತ್ರಕ್ಕೆ ಬೇಕೇಬೇಕು ಎಂದೂ ಅಲ್ಲ.

ಒಡೆತನದಲ್ಲಿ ಏನೇನಿದೆ

ಪುಸ್ತಕ ಕೊಂಡವರು ಅದನ್ನು ಓದಲು ಇನ್ನೊಬ್ಬರಿಗೆ ಕೊಡಬಹುದು, ಹಳೆ ಪುಸ್ತಕದಂಗಡಿಗೆ ಮಾರಬಹುದು, ಪ್ರಕಾಶಕರು ಅಂಗಡಿ ಮುಚ್ಚಿದ ಮೇಲೂ ಓದುತ್ತಿರಬಹುದು. ಕ್ಯಾಸೆಟ್ ಕಾಲದ ಆಟಕ್ಕೆ ಈ ಅನುಕೂಲಗಳೆಲ್ಲ ಇದ್ದವು, ಅವುಗಳ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಡಿಜಿಟಲ್ ಖರೀದಿಯಲ್ಲಿ ಎರವಲು ಕೊಡುವುದು ಮತ್ತು ಮರುಮಾರಾಟ ಮಾಡುವುದು ಸಾಮಾನ್ಯವಾಗಿ ಇಲ್ಲ. ಕೊಂಡವರು ‘ಒಪ್ಪಿದೆ’ ಎಂದು ಒತ್ತುವ ಕರಾರಿನಲ್ಲಿ ಇದು ವೈಯಕ್ತಿಕ ಬಳಕೆಯ ಪರವಾನಗಿ, ಖಾತೆಯನ್ನು ಬೇರೆಯವರಿಗೆ ವರ್ಗಾಯಿಸುವಂತಿಲ್ಲ ಎಂದು ಬರೆದಿರುತ್ತದೆ. ಕಂಪನಿ ಮುಚ್ಚಿದ ಮೇಲೂ ಆಡುವ ಅನುಕೂಲ ಮಾತ್ರ ಆಟದಿಂದ ಆಟಕ್ಕೆ ಬದಲಾಗುತ್ತದೆ. ಗೊಂದಲ ಹುಟ್ಟುವುದು ಅಲ್ಲಿಯೇ.

ಬೆಲೆಯ ಲೆಕ್ಕವೂ ಇದಕ್ಕೆ ಅಂಟಿಕೊಂಡಿದೆ. ನಾಲ್ಕು ಸಾವಿರ ರೂಪಾಯಿಯ ಡಿಸ್ಕನ್ನು ಆಡಿ ಮುಗಿಸಿ ಎರಡು ಸಾವಿರಕ್ಕೆ ಮಾರಿದರೆ ಆಟಕ್ಕೆ ತಗುಲಿದ್ದು ಎರಡೇ ಸಾವಿರ. ಅದೇ ಆಟವನ್ನು ಡಿಜಿಟಲ್ ಆಗಿ ಮೂರು ಸಾವಿರಕ್ಕೆ ಕೊಂಡವರು ಅಗ್ಗವಾಯಿತೆಂದು ಹಿಗ್ಗಿದರೂ ಸಾವಿರ ಹೆಚ್ಚೇ ತೆತ್ತಿರುತ್ತಾರೆ. ಆದಾಯ ಕಡಿಮೆಯಿರುವ ಕಡೆ ಮರುಮಾರಾಟದ ಈ ಹಣವೇ ಮುಂದಿನ ಆಟದ ಬಂಡವಾಳ.

ಕ್ಯಾಸೆಟ್ ಕಾಲ

ಮನೆಯಲ್ಲಿ ಆಡುವ ಮೊದಲ ಕನ್ಸೋಲ್ 1972ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಮ್ಯಾಗ್ನಾವಾಕ್ಸ್ ಒಡಿಸ್ಸಿ. ರಾಲ್ಫ್ ಬೇರ್ ರೂಪಿಸಿದ ಈ ಯಂತ್ರಕ್ಕೆ ಸಿಕ್ಕಿಸುವ ಕಾರ್ಡುಗಳಲ್ಲಿ ಆಟದ ಪ್ರೋಗ್ರಾಂ ಇರಲಿಲ್ಲ. ಯಂತ್ರದೊಳಗಿನ ವಿದ್ಯುತ್ ಜೋಡಣೆಯನ್ನು ಬದಲಿಸುವುದಷ್ಟೇ ಅವುಗಳ ಕೆಲಸ. ಆಟವನ್ನೇ ಒಂದು ಚಿಪ್ಪಿನಲ್ಲಿ ತುಂಬಿ ಬಿಡಿಯಾಗಿ ಮಾರುವ ಪದ್ಧತಿ 1976ರ ಫೇರ್‌ಚೈಲ್ಡ್ ಚಾನಲ್ ಎಫ್‌ನಿಂದ ಶುರುವಾಯಿತು. ಅದನ್ನು ಕಟ್ಟಿದ ತಂಡದ ಮುಂದಾಳು ಜೆರ್ರಿ ಲಾಸನ್ ಎಂಬ ಕಪ್ಪು ಅಮೆರಿಕನ್ ಎಂಜಿನಿಯರ್. 1983ರಲ್ಲಿ ಜಪಾನಿನ ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಬಂತು. ಮಾರಿಯೊನನ್ನು ಲೋಕಕ್ಕೆಲ್ಲ ಪರಿಚಯಿಸಿದ ಯಂತ್ರ ಇದೇ.

ಕನ್ಸೋಲ್‌ಗೆ ಟಿವಿ ಬೇಕು, ಮತ್ತು ತಾವರಗೇರಾದ ಈ ಸೀಮೆಗೆ ಟಿವಿ ಬಂದ ಬಗೆಯೇ ವಿಶೇಷ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಾಸಾದ ಉಪಗ್ರಹವೊಂದನ್ನು ಎರವಲು ಪಡೆದು ಭಾರತ ‘ಸೈಟ್’ ಎಂಬ ಪ್ರಯೋಗ ನಡೆಸಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟಿವಿ ಕಾರ್ಯಕ್ರಮ ತಲುಪಿಸುವ ಯೋಜನೆ ಅದು. ಕರ್ನಾಟಕದಲ್ಲಿ ಇದಕ್ಕೆ ಆರಿಸಿದ್ದು ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳನ್ನು. ಇಂದಿನ ಕೊಪ್ಪಳ ಜಿಲ್ಲೆ ಆಗ ರಾಯಚೂರಿನೊಳಗೇ ಇತ್ತು. ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಬೆಂಗಳೂರಿನ ಮನೆಗಳಲ್ಲಿ ಟಿವಿ ಇನ್ನೂ ಕನಸಾಗಿದ್ದಾಗ ಈ ಸೀಮೆಯ ಕೆಲವು ಹಳ್ಳಿಗಳ ಜನ ಸಂಜೆ ಒಟ್ಟಿಗೆ ಕೂತು ಅದನ್ನು ನೋಡಿದ್ದರು. ಆದರೆ ಆ ಪೆಟ್ಟಿಗೆ ಊರಿನದು, ಯಾರೊಬ್ಬರ ಮನೆಯದೂ ಅಲ್ಲ. ಮಕ್ಕಳು ಮನಸ್ಸು ಬಂದಾಗ ತಂತಿ ಸಿಕ್ಕಿಸಿ ಆಡುವಂಥ ಸ್ವಂತ ಟಿವಿ ಬರಲು ಇನ್ನೂ ಹಲವು ವರ್ಷ ಬೇಕಾದವು.

ನಿಂಟೆಂಡೊ ಕನ್ಸೋಲ್ ಭಾರತದಲ್ಲಿ ಅಧಿಕೃತವಾಗಿ ‘ಸಮುರಾಯ್’ ಹೆಸರಿನಲ್ಲಿ ಮಾರಾಟವಾಯಿತು, ದೊಡ್ಡ ಪ್ರಮಾಣದಲ್ಲಲ್ಲ. ಮನೆಗಳಿಗೆ ನುಗ್ಗಿದ್ದು ಫ್ಯಾಮಿಕಾಮ್‌ನ ನಕಲುಗಳು. ‘ಮೀಡಿಯಾ’, ‘ಲಿಟ್ಲ್ ಮಾಸ್ಟರ್’ ಮುಂತಾದ ಹೆಸರಿನ ಪೆಟ್ಟಿಗೆಗಳು, ಮುಂದೆ ಹೆಸರೇ ಇಲ್ಲದ ಚೈನಾ ಮಾಲು. ಜನ ಇವನ್ನು ಟಿವಿ ಗೇಮ್ ಎಂದರು, ಆಟ ತುಂಬಿದ ಬಿಲ್ಲೆಯನ್ನು ಕ್ಯಾಸೆಟ್ ಎಂದರು. ಕ್ಯಾಸೆಟ್ಟಿನ ಮೇಲೆ ‘9999 ಇನ್ 1’ ಎಂದು ಅಚ್ಚಾಗಿರುತ್ತಿತ್ತು. ಒಳಗೆ ನಿಜಕ್ಕೂ ಇರುತ್ತಿದ್ದದ್ದು ಬೆರಳೆಣಿಕೆಯ ಆಟಗಳು. ಮಾರಿಯೊ, ಕಾಂಟ್ರಾ, ಬಾತುಕೋಳಿಗೆ ಗುಂಡು ಹೊಡೆಯುವುದು ಇಂಥವೇ ಹೆಸರು ಬದಲಿಸಿಕೊಂಡು ಪಟ್ಟಿಯುದ್ದಕ್ಕೂ ಮತ್ತೆ ಮತ್ತೆ ಬರುತ್ತಿದ್ದವು. ಮೂಲ ಸೂಪರ್ ಮಾರಿಯೊ ಬ್ರದರ್ಸ್ ಆಟದ ಒಟ್ಟು ಗಾತ್ರ 40 ಕಿಲೊಬೈಟ್. ಇಂದು ವಾಟ್ಸ್ಆ್ಯಪ್‌ನಲ್ಲಿ ಬರುವ ಒಂದು ಶುಭೋದಯದ ಚಿತ್ರವೂ ಅದಕ್ಕಿಂತ ದೊಡ್ಡದಿರಬಹುದು.

ಒಡೆತನದ ದೃಷ್ಟಿಯಿಂದ ನೋಡಿದರೆ ಇದು ಅತಿ ಸ್ವತಂತ್ರವಾದ ಕಾಲ. ಕ್ಯಾಸೆಟ್ ಕೈಯಿಂದ ಕೈಗೆ ದಾಟುತ್ತಿತ್ತು. ಹಳೆಯದನ್ನು ಕೊಟ್ಟು ಮೇಲೊಂದಿಷ್ಟು ರೂಪಾಯಿ ಸೇರಿಸಿದರೆ ಅಂಗಡಿಯವರು ಬೇರೆಯದನ್ನು ಕೊಡುತ್ತಿದ್ದರು. ಯಂತ್ರಕ್ಕೆ ಯಾರ ಪರಿಚಯವೂ ಬೇಕಿರಲಿಲ್ಲ. ಕ್ಯಾಸೆಟ್ ಓಡದಿದ್ದರೆ ತೆಗೆದು ಊದಿ ಮತ್ತೆ ಹಾಕಿದರೆ ಆಯಿತು. ಆಟವನ್ನು ನಿಲ್ಲಿಸಬಲ್ಲ ಶಕ್ತಿ ಎಂದರೆ ಕರೆಂಟ್ ಒಂದೇ. ಈ ಯಂತ್ರಗಳಲ್ಲಿ ಆಡಿದಷ್ಟನ್ನು ಉಳಿಸಿಡುವ ವ್ಯವಸ್ಥೆ ಸಾಮಾನ್ಯವಾಗಿ ಇಲ್ಲದ್ದರಿಂದ ಲೋಡ್ ಶೆಡ್ಡಿಂಗ್ ಆದರೆ ಮಾರಿಯೊ ಎಂಟನೆಯ ಲೋಕದಲ್ಲಿದ್ದರೂ ಮತ್ತೆ ಮೊದಲನೆಯದಕ್ಕೆ ಬರಬೇಕು. ಕಾನೂನಿನ ಕಣ್ಣಿನಲ್ಲಿ ಆ ಕ್ಯಾಸೆಟ್ಟುಗಳು ಬಹುಪಾಲು ಕಳ್ಳಪ್ರತಿಗಳು ಎಂಬುದೂ ಅಷ್ಟೇ ನಿಜ. ನ್ಯಾಯವಾಗಿ ಕೊಂಡ ಎಷ್ಟೋ ಡಿಜಿಟಲ್ ಆಟಗಳು ಇವತ್ತು ತೆರೆದುಕೊಳ್ಳುವುದಿಲ್ಲ. ಅಟ್ಟದ ಮೇಲಿನ ಕಳ್ಳ ಕ್ಯಾಸೆಟ್ ಧೂಳು ಒರೆಸಿದರೆ ಓಡುತ್ತದೆ.

ಪೆಟ್ಟಿಗೆ ಕೊಳ್ಳಲಾಗದವರಿಗೆ ವಿಡಿಯೊ ಗೇಮ್ ಅಂಗಡಿಗಳಿದ್ದವು. ಅಲ್ಲಿ ಒಡೆತನದ ಮಾತೇ ಇಲ್ಲ, ಕಾಸು ಕೊಟ್ಟಷ್ಟು ಹೊತ್ತು ಆಟ. ಕ್ಯಾಪ್ಕಾಮ್ ಕಂಪನಿ 1993ರಲ್ಲಿ ತಂದ ‘ಕ್ಯಾಡಿಲಾಕ್ಸ್ ಆ್ಯಂಡ್ ಡೈನೊಸಾರ್ಸ್’ ಎಂಬ ಆಟಕ್ಕೆ ದಕ್ಷಿಣ ಭಾರತದ ಹುಡುಗರು ಅದರ ನಾಲ್ವರು ನಾಯಕರಲ್ಲಿ ಒಬ್ಬನ ಹೆಸರು ಹಿಡಿದು ‘ಮುಸ್ತಫಾ’ ಎಂದೇ ಕರೆದರು. ಮೂಲ ಹೆಸರು ಹೇಳಿದರೆ ಇಂದಿಗೂ ಬಹಳ ಜನಕ್ಕೆ ಗುರುತು ಹತ್ತುವುದಿಲ್ಲ.

ಡಿಸ್ಕ್ ಕಾಲ

ಸೋನಿಯ ಪ್ಲೇಸ್ಟೇಷನ್ 1994ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಬಿಡುಗಡೆಯಾಗಿ ಸಿಡಿಯನ್ನು ಆಟದ ಮುಖ್ಯ ವಾಹನ ಮಾಡಿತು. 2000ದಲ್ಲಿ ಬಂದ ಪ್ಲೇಸ್ಟೇಷನ್ 2 ಡಿವಿಡಿ ಬಳಸಿತು. ಭಾರತಕ್ಕೆ ಮೈಕ್ರೊಸಾಫ್ಟ್‌ನ ಎಕ್ಸ್‌ಬಾಕ್ಸ್ 360 ಅಧಿಕೃತವಾಗಿ 2006ರಲ್ಲಿ, ಪ್ಲೇಸ್ಟೇಷನ್ 3 ಮರುವರ್ಷ, ಪ್ಲೇಸ್ಟೇಷನ್ 4 2014ರ ಜನವರಿಯಲ್ಲಿ ಬಂದವು. ಬೆಂಗಳೂರಿನ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ ಈ ಕಾಲದ ದೊಡ್ಡ ಸಂತೆ. ಹೊಸ ಡಿಸ್ಕ್, ಹಳೆ ಡಿಸ್ಕ್, ನಕಲು ಡಿಸ್ಕ್, ನಕಲು ಓಡುವಂತೆ ಚಿಪ್ ಕೂರಿಸಿದ ಕನ್ಸೋಲ್ ಎಲ್ಲ ಅಲ್ಲಿ ಸಿಗುತ್ತಿದ್ದವು. ಸಣ್ಣ ಪಟ್ಟಣಗಳಿಗೆ ಇದರ ಹನಿಗಳಷ್ಟೇ ತಲುಪಿದವು. ನಿಂಟೆಂಡೊ ಅಂತೂ ಭಾರತದ ಮಾರುಕಟ್ಟೆಯಿಂದ ಹಿಂದೆ ಸರಿಯಿತು. ಅದರ ಸ್ವಿಚ್ ಕನ್ಸೋಲ್ ಇಲ್ಲಿ ಸಿಗುವುದು ಆಮದು ಮಾಡಿಕೊಂಡು ಮಾರುವವರ ಕೈಯಲ್ಲಿ.

  

ಕರ್ನಾಟಕ ಆಟ ಕೊಳ್ಳುವ ನೆಲ ಮಾತ್ರವಲ್ಲ, ಆಟ ಕಟ್ಟುವ ನೆಲವೂ ಹೌದು. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರ್‌ಆ್ಯಕ್ಟಿವ್ ಭಾರತದ ಮೊದಲ ಗೇಮ್ ಸಂಸ್ಥೆಗಳಲ್ಲಿ ಒಂದು. ‘ಫೋರ್ಜಾ ಹೊರೈಜನ್’ ಸರಣಿಯೂ ಸೇರಿ ಅನೇಕ ವಿದೇಶಿ ಆಟಗಳ ಚಿತ್ರಕೆಲಸ ಇಲ್ಲಿ ನಡೆಯಿತು. 2019ರಲ್ಲಿ ಇದನ್ನು ರಾಕ್‌ಸ್ಟಾರ್ ಗೇಮ್ಸ್ ಕೊಂಡು ತನ್ನ ಬೆಂಗಳೂರು ಶಾಖೆಯಲ್ಲಿ ಸೇರಿಸಿಕೊಂಡಿತು. ಆ ಶಾಖೆಯವರ ದುಡಿಮೆಯೂ ಇರುವ ‘ರೆಡ್ ಡೆಡ್ ರಿಡೆಂಪ್ಷನ್ 2’ ಆಟ 2018ರಲ್ಲಿ ಪ್ಲೇಸ್ಟೇಷನ್ 4ಕ್ಕೆ ಬಂದಾಗ ಒಂದು ಬ್ಲೂ-ರೇ ಡಿಸ್ಕಿನಲ್ಲಿ ಹಿಡಿಯಲಿಲ್ಲ, ಎರಡು ಬೇಕಾದವು. ಡಿಸ್ಕ್ ಕಾಲ ಏಕೆ ಇಳಿಮುಖವಾಯಿತು ಎಂಬುದಕ್ಕೆ ಇದೂ ಒಂದು ಸುಳಿವು.

ಮೊಬೈಲ್: ವಸ್ತುವೇ ಇಲ್ಲದ ಆಟ

ತಾವರಗೇರಾ, ಕುಷ್ಟಗಿ, ಯಲಬುರ್ಗಾ, ಗಂಗಾವತಿಗಳ ಹುಡುಗರಿಗೆ ಡಿಜಿಟಲ್ ಒಡೆತನದ ಪಾಠ ಸಿಕ್ಕಿದ್ದು ಕನ್ಸೋಲ್‌ನಿಂದಲ್ಲ, ಪಬ್‌ಜಿ ಎಂಬ ಮೊಬೈಲ್ ಆಟದಿಂದ. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಸೇವೆ ಶುರುವಾಗಿ ಡೇಟಾ ಅಗ್ಗವಾಯಿತು. 2018ರಲ್ಲಿ ಪಬ್‌ಜಿ ಮೊಬೈಲ್ ಬಂತು. ಆಟ ಉಚಿತ. ಆದರೆ ಬಟ್ಟೆ, ಬಂದೂಕಿನ ಬಣ್ಣ, ಋತುವಿಗೊಂದು ಪಾಸ್ ಎಂದು ಕೊಳ್ಳುವ ಸರಕು ಒಳಗೆ ಬೇಕಾದಷ್ಟು. ಚೀನಾ ಗಡಿಯಲ್ಲಿ ನಡೆದ ಗಲ್ವಾನ್ ಘರ್ಷಣೆಯ ಬಳಿಕ ಕೇಂದ್ರ ಸರ್ಕಾರ 2020ರ ಸೆಪ್ಟೆಂಬರ್ 2ರಂದು ಚೀನಾ ನಂಟಿನ 118 ಆ್ಯಪ್‌ಗಳನ್ನು ನಿಷೇಧಿಸಿತು. ಪಟ್ಟಿಯಲ್ಲಿ ಪಬ್‌ಜಿ ಮೊಬೈಲ್ ಇತ್ತು. ಅಕ್ಟೋಬರ್ 30ಕ್ಕೆ ಭಾರತದ ಆಟಗಾರರಿಗೆ ಸರ್ವರ್ ಬಾಗಿಲು ಮುಚ್ಚಿತು. ಫೋನು ಅದೇ, ಆ್ಯಪ್ ಫೋನಿನಲ್ಲೇ ಇತ್ತು, ಅಪ್ಪನ ಯುಪಿಐನಿಂದ ಕೊಂಡ ಬಟ್ಟೆಗಳು ಮಾತ್ರ ಯಾವ ಲೋಕದಲ್ಲೂ ಇರಲಿಲ್ಲ.

ಮುಂದೆ ನಡೆದದ್ದು ಇನ್ನೂ ವಿಚಿತ್ರ. ಆಟದ ಒಡೆಯರಾದ ದಕ್ಷಿಣ ಕೊರಿಯಾದ ಕ್ರಾಫ್ಟನ್ ಕಂಪನಿಯವರು 2021ರ ಜುಲೈ 2ರಂದು ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಹೆಸರಿನಲ್ಲಿ ಅದನ್ನೇ ಮರಳಿ ತಂದರು. ಹಳೆಯ ಖಾತೆಯ ಸಾಮಾನುಗಳನ್ನು ಹೊಸದಕ್ಕೆ ವರ್ಗಾಯಿಸಿಕೊಳ್ಳಲು ಗಡುವಿನೊಳಗೆ ಅವಕಾಶವಿತ್ತು. 2022ರ ಜುಲೈ 28ರಂದು ಸರ್ಕಾರದ ಆದೇಶದಂತೆ ಅದೂ ಆ್ಯಪ್ ಸ್ಟೋರ್‌ಗಳಿಂದ ಮಾಯವಾಯಿತು. 2023ರ ಮೇ ತಿಂಗಳಲ್ಲಿ ಮತ್ತೆ ಬಂತು. ಈ ನಡುವೆ 2022ರ ಫೆಬ್ರುವರಿಯಲ್ಲಿ ಫ್ರೀ ಫೈರ್ ಎಂಬ ಇನ್ನೊಂದು ಮೊಬೈಲ್ ಆಟವೂ ನಿಷೇಧಕ್ಕೊಳಗಾಯಿತು. ಭದ್ರತೆಯ ಕಾರಣಕ್ಕೆ ಆ್ಯಪ್ ನಿಷೇಧಿಸುವ ಅಧಿಕಾರ ಸರ್ಕಾರಕ್ಕಿದೆ, ಅದು ಬೇರೆ ಚರ್ಚೆ. ಇಲ್ಲಿ ಗಮನಿಸಬೇಕಾದದ್ದು ಇಷ್ಟು: ಆಟ ಹೋಯಿತು, ಬಂತು, ಮತ್ತೆ ಹೋಯಿತು, ಮತ್ತೆ ಬಂತು. ಅದರಲ್ಲಿ ಹಣ ಹಾಕಿದವರಿಗೆ ಈ ಯಾವ ಹಂತದಲ್ಲೂ ಹೇಳಲು ಮಾತಿರಲಿಲ್ಲ.

ಕನ್ಸೋಲ್ ಸರ್ವರ್‌ಗಳು ಮುಚ್ಚಿದಾಗ ಪಶ್ಚಿಮದ ಆಟಗಾರರು ಎಬ್ಬಿಸಿದ ಗದ್ದಲಕ್ಕೆ ಹೋಲಿಸಿದರೆ ಇಲ್ಲಿಯ ಪ್ರತಿಕ್ರಿಯೆ ತಣ್ಣಗಿತ್ತು. ಮೂಲ ಆಟ ಉಚಿತವಾದ್ದರಿಂದ ‘ನನ್ನದು’ ಎಂಬ ಭಾವನೆಯೇ ಗಟ್ಟಿಯಾಗಿ ಬೇರೂರಿರಲಿಲ್ಲ ಎಂಬುದು ಈ ಲೇಖಕನ ಊಹೆ. ಕರಾರು ಒಪ್ಪದಿದ್ದರೂ ಆಟದ ‘ಐಡಿ’ಯನ್ನೇ ಸ್ನೇಹಿತರಿಗೆ ಮಾರುವ ರೂಢಿ ಹುಟ್ಟಿಕೊಂಡದ್ದು ಮಾತ್ರ ಗಮನಾರ್ಹ. ಕ್ಯಾಸೆಟ್ ಅದಲುಬದಲಿನ ಹಳೆ ಚಟ ಹೊಸ ರೂಪದಲ್ಲಿ ಮುಂದುವರಿದಿದೆ ಎನ್ನಬಹುದು.

ಡಿಸ್ಕ್ ಕಿಂಡಿಯಿಲ್ಲದ ಕನ್ಸೋಲ್

ಕಂಪ್ಯೂಟರ್ ಆಟಗಳಲ್ಲಿ ಡಿಸ್ಕ್ ಮರೆಯಾಗತೊಡಗಿದ್ದು 2003ರಲ್ಲಿ ವಾಲ್ವ್ ಕಂಪನಿ ಸ್ಟೀಮ್ ಎಂಬ ಡಿಜಿಟಲ್ ಅಂಗಡಿ ತೆರೆದ ಮೇಲೆ. ಮರುವರ್ಷದ ‘ಹಾಫ್-ಲೈಫ್ 2’ ಆಟವನ್ನು ಡಿಸ್ಕಿನಲ್ಲಿ ಕೊಂಡರೂ ಸ್ಟೀಮ್ ಖಾತೆ ಕಡ್ಡಾಯವಾಗಿತ್ತು. ಕನ್ಸೋಲ್‌ಗಳಲ್ಲಿ ಸೋನಿ 2009ರಲ್ಲಿ ಡಿಸ್ಕ್ ಇಲ್ಲದ ಪಿಎಸ್‌ಪಿ ಗೋ ಎಂಬ ಕೈಯಂತ್ರ ತಂದು ಸೋತಿತು. 2013ರಲ್ಲಿ ಮೈಕ್ರೊಸಾಫ್ಟ್ ಎಕ್ಸ್‌ಬಾಕ್ಸ್ ಒನ್ ಘೋಷಿಸಿ, ದಿನಕ್ಕೊಮ್ಮೆ ಇಂಟರ್ನೆಟ್ ತಪಾಸಣೆ ಆಗಬೇಕು, ಡಿಸ್ಕ್ ಮರುಮಾರಾಟಕ್ಕೆ ನಿರ್ಬಂಧ ಇರುತ್ತದೆ ಎಂದಾಗ ಎದ್ದ ಕೂಗಿಗೆ ಮಣಿದು ಒಂದೇ ತಿಂಗಳಲ್ಲಿ ಎರಡನ್ನೂ ಕೈಬಿಟ್ಟಿತು. ಆಗ ಸೋನಿಯವರು ತಮ್ಮ ಕನ್ಸೋಲ್‌ನಲ್ಲಿ ಆಟ ಹಂಚಿಕೊಳ್ಳುವುದು ಹೇಗೆ ಎಂದು ತೋರಿಸುವ ವಿಡಿಯೊ ಬಿಟ್ಟರು. ಅದರಲ್ಲಿ ಒಬ್ಬರು ಇನ್ನೊಬ್ಬರ ಕೈಗೆ ಡಿಸ್ಕ್ ಕೊಡುತ್ತಾರೆ, ಅಷ್ಟೇ. ಅದೇ ಸೋನಿ 2020ರಲ್ಲಿ ಡಿಸ್ಕ್ ಕಿಂಡಿಯಿಲ್ಲದ ಪ್ಲೇಸ್ಟೇಷನ್ 5 ಡಿಜಿಟಲ್ ಆವೃತ್ತಿಯನ್ನೂ, 2024ರಲ್ಲಿ ಕಿಂಡಿಯೇ ಇಲ್ಲದ ಪ್ಲೇಸ್ಟೇಷನ್ 5 ಪ್ರೊವನ್ನೂ ಮಾರಿತು.

ಭಾರತದಲ್ಲಿ ಪ್ಲೇಸ್ಟೇಷನ್ 5 ಮಾರಾಟ 2021ರ ಫೆಬ್ರುವರಿ 2ರಂದು ಶುರುವಾಯಿತು. ಡಿಸ್ಕ್ ಇರುವುದಕ್ಕೆ ಆಗ 49,990 ರೂಪಾಯಿ, ಇಲ್ಲದ್ದಕ್ಕೆ 39,990. ಹತ್ತು ಸಾವಿರ ಉಳಿಯಿತು ಎನ್ನಿಸುತ್ತದೆ. ಆದರೆ ಮೇಲೆ ಹೇಳಿದ ಮರುಮಾರಾಟದ ಲೆಕ್ಕ ಹಾಕಿದರೆ, ಒಂದು ಆಟಕ್ಕೆ ಸಾವಿರದಂತೆ ಹತ್ತು ಆಟ ಮುಗಿಯುವ ಹೊತ್ತಿಗೆ ಆ ಉಳಿತಾಯ ಕರಗಿರುತ್ತದೆ. ಡಿಜಿಟಲ್ ಕನ್ಸೋಲ್ ಕೊಂಡವರಿಗೆ ಇರುವುದು ಒಂದೇ ಅಂಗಡಿ, ಆ ಅಂಗಡಿಯ ಬೆಲೆಯೇ ಬೆಲೆ. ರಿಯಾಯಿತಿ ಮಾರಾಟದ ಕಾಲದಲ್ಲಿ ಆಟ ನಿಜಕ್ಕೂ ಅಗ್ಗವಾಗುತ್ತದೆ ಎಂಬುದನ್ನೂ ಒಪ್ಪಬೇಕು. ತಾಳ್ಮೆ ಇದ್ದವರಿಗೆ ಡಿಜಿಟಲ್ ನಷ್ಟದ ಬಾಬತ್ತೇನಲ್ಲ.

ತಾವರಗೇರಾದಂಥ ಕಡೆ ಇನ್ನೊಂದು ಲೆಕ್ಕ ಸೇರುತ್ತದೆ. ದೊಡ್ಡ ಆಟವೊಂದು ಇಂದು 100 ಜಿಬಿ ದಾಟುವುದು ಸಾಮಾನ್ಯ. ದಿನಕ್ಕೆ 1.5 ಜಿಬಿಯ ಮೊಬೈಲ್ ಪ್ಯಾಕ್‌ನಲ್ಲಿ ಬೇರೇನೂ ನೋಡದೆ ಅದನ್ನೇ ಇಳಿಸಿಕೊಂಡರೂ 67 ದಿನ ಬೇಕು. ಅಷ್ಟರಲ್ಲಿ ಹೊಸ ಅಪ್‌ಡೇಟ್ ಬಂದಿರುತ್ತದೆ. 30 ಎಂಬಿಪಿಎಸ್ ವೇಗದ ಫೈಬರ್ ಸಂಪರ್ಕವಿದ್ದರೆ ಏಳೂವರೆ ಗಂಟೆ ಸಾಕು, ನಡುವೆ ಕರೆಂಟ್ ಹೋಗದಿದ್ದರೆ. ಡಿಸ್ಕಾದರೆ ಕೊರಿಯರ್‌ನಲ್ಲಿ ಎರಡು ಮೂರು ದಿನಕ್ಕೆ ಮನೆ ಬಾಗಿಲಿಗೆ ಬರುತ್ತದೆ. ಇಂಟರ್ನೆಟ್ ದುರ್ಬಲವಾದಷ್ಟೂ ಡಿಸ್ಕಿನ ಬೆಲೆ ಏರುತ್ತದೆ. ಫೈಬರ್ ತಂತಿ ಬಂದಲ್ಲಿ ಈ ವಾದದ ಬಲ ಕುಗ್ಗುತ್ತದೆ.

ಮೇಲೆ ಹೇಳಿದ ಕಿಂಡಿಯಿಲ್ಲದ ಪ್ಲೇಸ್ಟೇಷನ್ 5 ಪ್ರೊ ಮಾತ್ರ 2024ರ ನವೆಂಬರ್‌ನಲ್ಲಿ ಬೇರೆ ದೇಶಗಳಲ್ಲಿ ಬಿಡುಗಡೆಯಾದಾಗ ಭಾರತಕ್ಕೆ ಬರಲಿಲ್ಲ. ಅದರ ವೈಫೈ ಬಳಸುವ 6 ಗಿಗಾಹರ್ಟ್ಸ್ ತರಂಗಾಂತರಕ್ಕೆ ಆಗ ಇಲ್ಲಿ ಅನುಮತಿ ಇರಲಿಲ್ಲ.

ಡಿಸ್ಕ್ ಕೈಯಲ್ಲಿದ್ದರೂ

ಡಿಸ್ಕ್ ಪಕ್ಷದವರು ಹೆಚ್ಚಾಗಿ ಮರೆಯುವ ಭಾಗ ಇದು. ಯೂಬಿಸಾಫ್ಟ್ ಕಂಪನಿಯ ‘ದಿ ಕ್ರೂ’ ಎಂಬ ಕಾರು ಓಟದ ಆಟ 2014ರಲ್ಲಿ ಡಿಸ್ಕಿನಲ್ಲೇ ಮಾರಾಟವಾಗಿತ್ತು. ಒಬ್ಬರೇ ಆಡುವಾಗಲೂ ಸರ್ವರ್ ಸಂಪರ್ಕ ಬೇಕಿತ್ತು. 2024ರ ಮಾರ್ಚ್ 31ರಂದು ಸರ್ವರ್ ನಿಂತಿತು. ಡೌನ್‌ಲೋಡ್ ಮಾಡಿದವರ ಜೊತೆ ಡಿಸ್ಕ್ ಇದ್ದವರೂ ಬೀದಿಗೆ ಬಂದರು. ಇದರಿಂದ ಕೆರಳಿದ ಅಮೆರಿಕದ ರಾಸ್ ಸ್ಕಾಟ್ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿ ಆರಂಭಿಸಿದರು. ಯುರೋಪಿಯನ್ ಒಕ್ಕೂಟದಲ್ಲಿ ಅದೇ ಉದ್ದೇಶದ ನಾಗರಿಕ ಮನವಿಗೆ 2025ರ ಜುಲೈನಲ್ಲಿ ಸಹಿಗಳು 10 ಲಕ್ಷ ದಾಟಿದವು. ಸೋನಿಯ ‘ಕಾಂಕಾರ್ಡ್’ ಆಟದ ಆಯಸ್ಸು ‘ದಿ ಕ್ರೂ’ಗಿಂತ ಕಡಿಮೆ. 2024ರ ಆಗಸ್ಟ್ 23ಕ್ಕೆ ಹುಟ್ಟಿ ಸೆಪ್ಟೆಂಬರ್ 6ಕ್ಕೆ ಮುಗಿಯಿತು. ಕೊಂಡವರಿಗೆ ಹಣ ವಾಪಸಾಯಿತು, ಡಿಸ್ಕ್ ಉಳಿಯಿತು, ಅದರಲ್ಲಿ ಆಡಲು ಏನೂ ಇಲ್ಲ.

2023ರಿಂದ ಬಂದ ಪ್ಲೇಸ್ಟೇಷನ್ 5ರಲ್ಲಿ ಡಿಸ್ಕ್ ಡ್ರೈವ್ ಬಿಚ್ಚಿ ಜೋಡಿಸುವಂಥದ್ದು; ಹೊಸದಾಗಿ ಜೋಡಿಸುವಾಗ ಒಂದು ಸಲ ಇಂಟರ್ನೆಟ್ ಮೂಲಕ ಕಂಪನಿಯ ಒಪ್ಪಿಗೆ ಪಡೆಯಬೇಕು. ಪ್ಲೇಸ್ಟೇಷನ್ 4ರಲ್ಲಿ ಗಡಿಯಾರದ ಪುಟ್ಟ ಬ್ಯಾಟರಿ ಸತ್ತು, ಸೋನಿ ಸರ್ವರ್ ಸಂಪರ್ಕವೂ ಸಿಗದೆ ಹೋದರೆ ಡಿಸ್ಕ್ ಆಟವೂ ಶುರುವಾಗುವುದಿಲ್ಲ ಎಂಬುದನ್ನು ಆಸಕ್ತರು ಪತ್ತೆ ಹಚ್ಚಿದರು. 2021ರ ಅಪ್‌ಡೇಟ್‌ನಲ್ಲಿ ಅದು ಸರಿಯಾಯಿತು. ನಿಂಟೆಂಡೊದ ಸ್ವಿಚ್ 2 ಕನ್ಸೋಲ್‌ಗೆ 2025ರಿಂದ ಬರುತ್ತಿರುವ ಕೆಲವು ಕಾರ್ಡುಗಳಲ್ಲಿ ಆಟ ಇರುವುದೇ ಇಲ್ಲ. ಕೀಲಿ ಮಾತ್ರ ಇರುತ್ತದೆ, ಆಟವನ್ನು ಇಳಿಸಿಕೊಳ್ಳಬೇಕು. ಈ ಕಾರ್ಡನ್ನು ಇನ್ನೊಬ್ಬರಿಗೆ ಕೊಡಬಹುದು, ಮಾರಬಹುದು. ಸರ್ವರ್ ಹೋದ ದಿನ ಅದು ಬರೀ ಪ್ಲಾಸ್ಟಿಕ್.

ತದ್ವಿರುದ್ಧ ಉದಾಹರಣೆಯೂ ಇದೆ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಸಮೂಹ 2008ರಲ್ಲಿ ಶುರುಮಾಡಿದ ಗಾಗ್ ಎಂಬ ಡಿಜಿಟಲ್ ಅಂಗಡಿ, ಬೀಗ ಹಾಕದ ಆಟಗಳನ್ನು ಕೊಡುತ್ತದೆ. ಇಳಿಸಿಕೊಂಡ ಕಡತವನ್ನು ಪೆನ್‌ಡ್ರೈವ್‌ನಲ್ಲಿಟ್ಟರೆ ಗಾಗ್ ಇರಲಿ ಬಿಡಲಿ ಆಟ ಓಡುತ್ತದೆ. ವಸ್ತುವಿಲ್ಲದೆಯೂ ಬಾಳಿಕೆ ಸಾಧ್ಯ ಎಂದಾಯಿತು. ಇಷ್ಟು ನೋಡಿದ ಮೇಲೆ ಡಿಸ್ಕ್ ಒಳ್ಳೆಯದು, ಡೌನ್‌ಲೋಡ್ ಕೆಟ್ಟದ್ದು ಎಂಬ ಸರಳ ವಿಭಾಗ ನಿಲ್ಲುವುದಿಲ್ಲ.

ಡಿಜಿಟಲ್ ಅಂಗಡಿಗಳು ಮುಚ್ಚುವ ಕ್ರಮವೂ ಈಗ ಪರಿಚಿತವಾಗಿದೆ. ನಿಂಟೆಂಡೊ ತನ್ನ ವೀ ಯೂ, 3ಡಿಎಸ್ ಯಂತ್ರಗಳ ಅಂಗಡಿಯಲ್ಲಿ ಮಾರಾಟ ನಿಲ್ಲಿಸಿದ್ದು 2023ರ ಮಾರ್ಚ್‌ನಲ್ಲಿ. ಮೈಕ್ರೊಸಾಫ್ಟ್ ಎಕ್ಸ್‌ಬಾಕ್ಸ್ 360ರ ಅಂಗಡಿ ಮುಚ್ಚಿದ್ದು 2024ರ ಜುಲೈನಲ್ಲಿ. ಸೋನಿ 2021ರಲ್ಲಿ ಪ್ಲೇಸ್ಟೇಷನ್ 3ರ ಅಂಗಡಿ ಮುಚ್ಚುತ್ತೇನೆಂದು ಹೇಳಿ, ಟೀಕೆ ಬಂದಾಗ ತಿಂಗಳೊಳಗೆ ಹಿಂದೆ ಸರಿಯಿತು.

ಕಾನೂನು ಏನು ಹೇಳುತ್ತದೆ

ಸಾಫ್ಟ್‌ವೇರ್ ಎಂಬುದು ಸರಕೇ, ಬರೀ ಪರವಾನಗಿಯೇ ಎಂಬ ಪ್ರಶ್ನೆ ಭಾರತದ ಸುಪ್ರೀಂ ಕೋರ್ಟಿಗೆ ಬಂದದ್ದು ಆಟಗಾರರಿಂದಲ್ಲ, ತೆರಿಗೆ ಇಲಾಖೆಯಿಂದ. 2004ರ ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ ವಿರುದ್ಧ ಆಂಧ್ರ ಪ್ರದೇಶ ಪ್ರಕರಣದಲ್ಲಿ, ಡಿಸ್ಕಿನಂಥ ಮಾಧ್ಯಮದಲ್ಲಿ ಸಿದ್ಧರೂಪದಲ್ಲಿ ಮಾರುವ ಸಾಫ್ಟ್‌ವೇರ್ ಸರಕು, ಅದಕ್ಕೆ ಮಾರಾಟ ತೆರಿಗೆ ಹಾಕಬಹುದು ಎಂದು ನ್ಯಾಯಾಲಯ ಹೇಳಿತು. ಇದಕ್ಕಿಂತ ನಮಗೆ ಹತ್ತಿರದ್ದು ಬೆಂಗಳೂರಿನ ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಕಂಪನಿಯ ಪ್ರಕರಣ. ವಿದೇಶಿ ಕಂಪನಿಯಿಂದ ಸಾಫ್ಟ್‌ವೇರ್ ತರಿಸಿ ಕೊಟ್ಟ ಹಣ ಹಕ್ಕುಸ್ವಾಮ್ಯಕ್ಕೆ ಕೊಟ್ಟ ರಾಯಲ್ಟಿಯೇ, ಒಂದು ಪ್ರತಿಯ ಬೆಲೆಯೇ ಎಂಬುದು ವ್ಯಾಜ್ಯ. ಕರ್ನಾಟಕ ಹೈಕೋರ್ಟ್ ಇಲಾಖೆಯ ಪರ ನಿಂತಿತ್ತು. 2021ರ ಮಾರ್ಚ್ 2ರಂದು ನ್ಯಾಯಮೂರ್ತಿ ಆರ್.ಎಫ್. ನಾರಿಮನ್ ಅವರ ಪೀಠ ಅದನ್ನು ತಳ್ಳಿಹಾಕಿ, ಕರಾರಿನಲ್ಲಿ ‘ಪರವಾನಗಿ’ ಎಂದು ಬರೆದಿದ್ದರೂ ಅಂತಿಮ ಬಳಕೆದಾರರಿಗೆ ಸಿಗುವುದು ಕಂಪ್ಯೂಟರ್ ಪ್ರೋಗ್ರಾಂನ ಒಂದು ಪ್ರತಿ, ವಹಿವಾಟು ಸಾರದಲ್ಲಿ ಸರಕಿನ ಮಾರಾಟ ಎಂಬ ನಿಲುವು ತಳೆಯಿತು. ಇದು ಆದಾಯ ತೆರಿಗೆಯ ತೀರ್ಪು, ಗ್ರಾಹಕರ ಹಕ್ಕಿನದಲ್ಲ. ಆದರೂ ‘ನೀವು ಕೊಂಡಿಲ್ಲ, ಪರವಾನಗಿ ಪಡೆದಿದ್ದೀರಿ’ ಎಂಬ ವಾದಕ್ಕೆ ಉತ್ತರ ಕೊಡಬೇಕಾದವರಿಗೆ ಇದರಲ್ಲಿ ಒಳ್ಳೆಯ ಸಾಮಗ್ರಿ ಇದೆ.

ಯುರೋಪಿನಲ್ಲಿ ಇದೇ ಪ್ರಶ್ನೆ ಗ್ರಾಹಕರ ಹೆಸರಿನಲ್ಲೇ ನಡೆಯಿತು. ಫ್ರಾನ್ಸಿನ ಗ್ರಾಹಕ ಸಂಘವೊಂದು ವಾಲ್ವ್ ವಿರುದ್ಧ ಹೂಡಿದ ದಾವೆಯಲ್ಲಿ 2019ರಲ್ಲಿ ಪ್ಯಾರಿಸ್ ನ್ಯಾಯಾಲಯ ಸ್ಟೀಮ್ ಆಟಗಳ ಮರುಮಾರಾಟಕ್ಕೆ ಹಕ್ಕಿದೆ ಎಂದಿತು. 2022ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದು ಮಾಡಿತು. ಅಮೆರಿಕದ ಕ್ಯಾಲಿಫೋರ್ನಿಯಾ ಬೇರೆ ದಾರಿ ಹಿಡಿಯಿತು. 2025ರ ಜನವರಿ 1ರಿಂದ ಜಾರಿಯಾದ ಅಲ್ಲಿಯ ಕಾನೂನಿನಂತೆ, ಹಿಂತೆಗೆದುಕೊಳ್ಳಬಹುದಾದ ಪರವಾನಗಿಯನ್ನು ‘ಖರೀದಿ’ ಎಂದು ಮಾರುವ ಅಂಗಡಿ ಅದು ಪರವಾನಗಿ ಮಾತ್ರ ಎಂದು ಸ್ಪಷ್ಟವಾಗಿ ತಿಳಿಸಬೇಕು. ಹಕ್ಕು ಹೆಚ್ಚಲಿಲ್ಲ, ಪ್ರಾಮಾಣಿಕತೆ ಹೆಚ್ಚಿತು.

ಭಾರತದ ಗ್ರಾಹಕ ಸಂರಕ್ಷಣಾ ಕಾಯ್ದೆ 2019 ಈ ವಿಷಯದಲ್ಲಿ ನಾವು ಅಂದುಕೊಂಡದ್ದಕ್ಕಿಂತ ಚುರುಕಾಗಿದೆ. ಇ-ವಾಣಿಜ್ಯದ ವ್ಯಾಖ್ಯೆಯಲ್ಲೇ ಡಿಜಿಟಲ್ ಉತ್ಪನ್ನಗಳನ್ನು ಅದು ಸೇರಿಸಿದೆ. ಸಕಾರಣವಿಲ್ಲದೆ ಒಂದೇ ಪಕ್ಷ ಕರಾರು ಮುರಿಯಲು ಅವಕಾಶ ಕೊಡುವ ಷರತ್ತನ್ನು ಅನ್ಯಾಯದ ಕರಾರಿನ ಲಕ್ಷಣಗಳಲ್ಲಿ ಎಣಿಸಿದೆ. ಅನ್ಯಾಯದ ಕರಾರಿನ ದೂರು ರಾಜ್ಯ ಆಯೋಗಕ್ಕೆ ಹೋಗಬೇಕು. ಸೇವಾ ಲೋಪದಂಥ ಸಾಮಾನ್ಯ ದೂರನ್ನು ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ಕೊಡಬಹುದು. ಅಂದರೆ ತಾವರಗೇರಾದ ಆಟಗಾರ ಜಪಾನಿಗೋ ಅಮೆರಿಕಕ್ಕೋ ಹೋಗಬೇಕಿಲ್ಲ, ಕೊಪ್ಪಳದ ಜಿಲ್ಲಾ ಆಯೋಗಕ್ಕೆ ಬಸ್ಸು ಹತ್ತಿದರೆ ಆಯಿತು. ಪಾವತಿಯ ದಾಖಲೆಯನ್ನು ಜೋಪಾನ ಮಾಡಿರಬೇಕು.

ಉಳಿಸಿಕೊಳ್ಳುವುದು

ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಆ ದೇಶದಲ್ಲಿ 2010ಕ್ಕೆ ಮೊದಲು ಬಂದ ಆಟಗಳಲ್ಲಿ ಶೇ 87ರಷ್ಟು ಆಗ ಮಾರುಕಟ್ಟೆಯಲ್ಲಿ ಸಿಗುತ್ತಿರಲಿಲ್ಲ. ಪುಸ್ತಕಗಳ ವಿಷಯದಲ್ಲಿ ಭಾರತ 1954ರ ಕಾಯ್ದೆಯ ಮೂಲಕ ಪ್ರತಿಯೊಂದು ಪ್ರಕಟಣೆಯ ಪ್ರತಿಗಳನ್ನು ನಿಗದಿತ ಗ್ರಂಥಾಲಯಗಳಿಗೆ ಕಳಿಸುವುದನ್ನು ಕಡ್ಡಾಯ ಮಾಡಿದೆ. 1956ರಲ್ಲಿ ಪತ್ರಿಕೆಗಳೂ ಸೇರಿದವು. ವಿಡಿಯೊ ಗೇಮ್ ಅದರ ವ್ಯಾಪ್ತಿಯಲ್ಲಿಲ್ಲ.

ಆಟಗಳನ್ನು ದಾಖಲಿಸುವುದು ಕನ್ನಡ ನಾಡಿಗೆ ಹೊಸತಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಹಲಗೆಯಾಟಗಳನ್ನು ತಾವೇ ಕಲ್ಪಿಸಿ, ತಮ್ಮ ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಭಾಗದಲ್ಲಿ ಆಟಗಳಿಗೆಂದೇ ಜಾಗ ಕೊಟ್ಟರು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಪ್ರದರ್ಶನಗಳ ಮೂಲಕ ಆ ಪರಂಪರೆಯನ್ನು ಮುಂದುವರಿಸಿದೆ. ಕೊಪ್ಪಳ ಜಿಲ್ಲೆಯಿಂದ ತುಂಗಭದ್ರೆ ದಾಟಿದರೆ ಸಿಗುವ ಹಂಪಿಯ ಮಂಟಪಗಳ ಹಾಸುಗಲ್ಲಿನಲ್ಲಿ ಯಾರೋ ಕೊರೆದ ಆಟದ ಮನೆಗಳು ಇಂದಿಗೂ ಇವೆ, ಕಾಯಿ ತಂದರೆ ಆಡಬಹುದು. ಜಿಲ್ಲೆಯೊಳಗೇ ಕಿನ್ನಾಳದ ಚಿತ್ರಗಾರರು ಹಗುರ ಮರದಲ್ಲಿ ಕೆತ್ತಿ ಬಣ್ಣ ಬಳಿಯುವ ಬೊಂಬೆಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. 2021ರ ಜನವರಿಯಲ್ಲಿ ಭಾನಾಪುರದ ಬಳಿ ಸುಮಾರು 400 ಎಕರೆಯ ಆಟಿಕೆ ಕೈಗಾರಿಕಾ ಸಮೂಹಕ್ಕೂ ಅಡಿಗಲ್ಲು ಬಿತ್ತು. ಕೈಯಲ್ಲಿ ಹಿಡಿಯುವ ಆಟದ ಸಾಮಾನಿಗೆ ಜಿಲ್ಲೆಗೆ ಜಿಲ್ಲೆಯೇ ಹೆಸರಾಗುತ್ತಿರುವಾಗ ಅದರ ಮಕ್ಕಳು ಆಡುವ ಆಟಗಳು ಹೆಚ್ಚಾಗಿ ಎಲ್ಲೋ ದೂರದ ಸರ್ವರ್‌ಗಳಲ್ಲಿವೆ.

ವಿಡಿಯೊ ಗೇಮ್‌ಗಳ ವಿಷಯದಲ್ಲಿ ಖಾಸಗಿ ಸಂಗ್ರಹಕಾರರಿಗೆ ಹಕ್ಕುಸ್ವಾಮ್ಯ ಕಾಯ್ದೆ 1957 ಸ್ವಲ್ಪ ಎಡೆ ಬಿಟ್ಟಿದೆ. ಕಂಪ್ಯೂಟರ್ ಪ್ರೋಗ್ರಾಂ ಒಂದನ್ನು ನ್ಯಾಯವಾಗಿ ಹೊಂದಿರುವವರು, ಅದು ಕಳೆಯುವ ಅಥವಾ ಕೆಡುವ ಭಯಕ್ಕೆ ಪೂರ್ವಸಿದ್ಧತೆಯಾಗಿ ನಕಲು ಇಟ್ಟುಕೊಳ್ಳುವುದನ್ನು 52ನೇ ಸೆಕ್ಷನ್ ಉಲ್ಲಂಘನೆ ಎಂದು ಎಣಿಸುವುದಿಲ್ಲ. 2012ರ ತಿದ್ದುಪಡಿಯಲ್ಲಿ ಸೇರಿದ 65ಎ ಸೆಕ್ಷನ್ ಡಿಜಿಟಲ್ ಬೀಗ ಮುರಿಯುವುದನ್ನು ಅಪರಾಧ ಮಾಡಿದ್ದರೂ, ಹಕ್ಕುಸ್ವಾಮ್ಯ ಉಲ್ಲಂಘಿಸುವ ಉದ್ದೇಶ ಇರಬೇಕು ಎಂಬ ಷರತ್ತು ಹಾಕಿದೆ. ಅಮೆರಿಕದ ಕಾನೂನಿಗಿಂತ ಇದು ಸಡಿಲ. ಅಲ್ಲಿಯ ಹಕ್ಕುಸ್ವಾಮ್ಯ ಕಚೇರಿ 2024ರ ಅಕ್ಟೋಬರ್‌ನಲ್ಲಿ, ಗ್ರಂಥಾಲಯಗಳು ಹಳೆಯ ಆಟಗಳನ್ನು ಸಂಶೋಧಕರಿಗೆ ದೂರದಿಂದ ಒದಗಿಸಲು ಕೇಳಿದ ವಿನಾಯಿತಿಯನ್ನು ನಿರಾಕರಿಸಿತು. ಹಳೆಯ ಆಟ ಬೇಕೆಂದರೆ ಅಲ್ಲಿಯ ಸಂಶೋಧಕರು ಇಂದಿಗೂ ಗ್ರಂಥಾಲಯದ ಕಟ್ಟಡಕ್ಕೇ ಹೋಗಿ ಕೂರಬೇಕು.